ಕಲಿತ ದೋಣಿಯಿಂದ ರೇಸಿನ ದೋಣಿಗೆ: ವೇಗದ ಡಿಂಗಿ ಹತ್ತುವವರಿಗೆ

ಹಾಯಿದೋಣಿ ಕಲಿಯುವಾಗ ಎಲ್ಲರಿಗೂ ಮೊದಲು ಹೇಳಿಕೊಡುವುದು ನಿಲ್ಲಿಸುವುದನ್ನು. ಹೆದರಿಕೆಯಾದರೆ ಹಾಯಿಯ ಹಗ್ಗ ಬಿಡು, ಚುಕ್ಕಾಣಿ ತಿರುಗಿಸುವ ಕೋಲು, ಅಂದರೆ ಟಿಲ್ಲರ್, ತಳ್ಳು, ದೋಣಿ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ. ಅಗಲವಾದ, ಭಾರವಾದ ಕಲಿಕೆಯ ದೋಣಿಗೆ ಈ ಪಾಠ ಸರಿ. ವೇಗದ ಡಿಂಗಿಯಲ್ಲಿ, ಅಂದರೆ ಒಬ್ಬಿಬ್ಬರು ಓಡಿಸುವ ಹಗುರವಾದ ಸಣ್ಣ ಹಾಯಿದೋಣಿಯಲ್ಲಿ, ಇದೇ ಪಾಠ ನಿಮ್ಮನ್ನು ನೀರಿಗೆ ಕೆಡವುತ್ತದೆ.

ನನಗೆ ಮೊದಲ ದಿನವೇ ಇದು ಗೊತ್ತಾಯಿತು. ಗಾಳಿ ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬರುತ್ತಿತ್ತು. ದೋಣಿ ನೀರಿನ ಮೇಲೆದ್ದು ಜಾರತೊಡಗಿತು. ಆಗ ಒಂದು ಜೋರು ಬೀಸು ಬಂತು. ಹೆದರಿ ಟಿಲ್ಲರ್ ತಳ್ಳಿದೆ. ದೋಣಿ ಸರ್ರನೆ ಗಾಳಿಯ ಕಡೆಗೆ ತಿರುಗಿತು, ಹಾಯಿ ನೀರಿಗೆ ಬಡಿಯಿತು. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಮಗುಚಿದೆ. ನಾಲ್ಕೂ ಸಲ ಕಾರಣ ಒಂದೇ. ವೇಗದ ದೋಣಿ ಸೈಕಲ್ ಇದ್ದ ಹಾಗೆ. ಓಡುತ್ತಿದ್ದರೆ ನಿಲ್ಲುತ್ತದೆ, ನಿಲ್ಲಿಸಲು ಹೋದರೆ ಬೀಳುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಹೆಜ್ಜೆ 1: ಸಮಯ ಬಂದಿದೆಯೇ ನೋಡಿಕೊಳ್ಳಿ

ಈಗಿರುವ ದೋಣಿಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಗಾಳಿ 10 ನಾಟ್ ಆಸುಪಾಸು ಇರುವ ದಿನ, ಅಂದರೆ ಗಂಟೆಗೆ 18 ಕಿಲೋಮೀಟರ್‌ನಷ್ಟು ಬೀಸುವಾಗ, ಹತ್ತು ಟ್ಯಾಕ್, ಹತ್ತು ಜೈಬ್ ಮಾಡಿ. ಟ್ಯಾಕ್ ಎಂದರೆ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡಲಾಗಿ ದಾಟಿಸಿ ತಿರುಗುವುದು, ಜೈಬ್ ಎಂದರೆ ಹಿಂಬದಿಯನ್ನು ದಾಟಿಸಿ ತಿರುಗುವುದು. ಕೈಯಲ್ಲಿರುವ ಟಿಲ್ಲರನ್ನಾಗಲೀ ಹಗ್ಗವನ್ನಾಗಲೀ ನೋಡಬೇಡಿ. ಕಣ್ಣು ನೀರಿನ ಮೇಲಿರಲಿ. ಮಗುಚಿದ ದೋಣಿಯನ್ನು ಒಬ್ಬರೇ ಎತ್ತಿ ನಿಲ್ಲಿಸಿ, ಒಳಗೆ ಹತ್ತಿ. ಉಸಿರು ಸುಧಾರಿಸಿಕೊಳ್ಳುವ ಮುಂಚೆಯೇ ಇನ್ನೊಂದು ಸಲ ಎತ್ತಲು ಸಾಧ್ಯವೇ ನೋಡಿ. ಬೀಸು ಬರುವ ಮೊದಲು ನೀರಿನ ಮೇಲೆ ಕಪ್ಪಾಗಿ ಓಡಿ ಬರುವ ಸಣ್ಣ ಅಲೆಗಳ ತೇಪೆ ನಿಮ್ಮ ಕಣ್ಣಿಗೆ ಬೀಳುತ್ತಿದೆಯೇ?

ಇಷ್ಟು ಆದರೆ ಸಾಕು. ಹಳೆಯ ದೋಣಿಯಲ್ಲಿ ಎಲ್ಲವನ್ನೂ ಅರೆದು ಕುಡಿಯುವ ತನಕ ಕಾಯಬೇಕಿಲ್ಲ. ಎಷ್ಟೋ ವಿಷಯಗಳನ್ನು ಆ ದೋಣಿ ಕಲಿಸುವುದೇ ಇಲ್ಲ.

ಹೆಜ್ಜೆ 2: ದೋಣಿ ಆರಿಸುವಾಗ ಮೊದಲು ನಿಮ್ಮ ತೂಕ ನೋಡಿ

ಡಿಂಗಿಗೆ ಅಡಿಯಲ್ಲಿ ಕೀಲ್ ಎಂಬ ಭಾರವಾದ ರೆಕ್ಕೆ ಇರುವುದಿಲ್ಲ. ಹಾಯಿ ಒಂದು ಕಡೆಗೆ ಎಳೆಯುವುದನ್ನು ತಡೆಯುವುದು ನಿಮ್ಮ ಮೈ ಮಾತ್ರ. ಅದಕ್ಕೇ ಬಣ್ಣ, ಬೆಲೆ, ಗೆಳೆಯರ ಮಾತು ಎಲ್ಲಕ್ಕಿಂತ ಮೊದಲು ತೂಕ.

ಒಬ್ಬರೇ ಓಡಿಸುವುದಾದರೆ ಹೆಚ್ಚಿನವರಿಗೆ ನಾನು ಹೇಳುವುದು ಐಎಲ್‌ಸಿಎ, ಹಿಂದೆ ಲೇಸರ್ ಎಂದೇ ಹೆಸರಾಗಿದ್ದ ದೋಣಿ. ಬ್ರೂಸ್ ಕರ್ಬಿ ಬರೆದ ನಕ್ಷೆ ಅದು. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಉದ್ದ 4.2 ಮೀಟರ್, ಬರಿಯ ಒಡಲಿನ ತೂಕ 59 ಕಿಲೋ. ಇದರ ದೊಡ್ಡ ಅನುಕೂಲ ಎಂದರೆ ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಹಾಕಬಹುದು. ಐಎಲ್‌ಸಿಎ 4ಕ್ಕೆ 4.7 ಚದರ ಮೀಟರ್, 6ಕ್ಕೆ ಸುಮಾರು 5.8, 7ಕ್ಕೆ ಸುಮಾರು 7.1. ನೀವು 60 ಕಿಲೋ ಒಳಗಿದ್ದರೆ ಮೊದಲನೆಯದು, 60ರಿಂದ 70ರ ಆಸುಪಾಸು ಎರಡನೆಯದು, 75 ದಾಟಿದ್ದರೆ ಮೂರನೆಯದು ಹೊಂದುತ್ತದೆ. ಎರಡರ ನಡುವೆ ಬಿದ್ದರೆ ಮೊದಲ ವರ್ಷ ಚಿಕ್ಕ ಹಾಯಿಯಲ್ಲೇ ಇರಿ. ಹಾಯಿ ದೊಡ್ಡದಾದರೆ ವೇಗ ಜಾಸ್ತಿ ಅನ್ನಿಸುತ್ತದೆ. ಆದರೆ ಹಿಡಿತ ತಪ್ಪಿ ನೀರಿನಲ್ಲಿ ಕಳೆಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ? ಇನ್ನೂ ಹಗುರವಾದದ್ದು ಬೇಕೆಂದರೆ ಆರ್‌ಎಸ್ ಏರೋ ಇದೆ. ಅದರ ಒಡಲು ಬರೀ 30 ಕಿಲೋ. ದಂಡೆಯಲ್ಲಿ ಒಬ್ಬರೇ ಎಳೆದಾಡಬೇಕಾದವರಿಗೆ ಅದು ದೊಡ್ಡ ನೆಮ್ಮದಿ.

ಇಬ್ಬರು ಸೇರಿ ಓಡಿಸುವುದಾದರೆ 420 ಎಂಬ ದೋಣಿ ಒಳ್ಳೆಯ ಮೊದಲ ಮೆಟ್ಟಿಲು. ಹೆಸರೇ ಉದ್ದ ಹೇಳುತ್ತದೆ, 4.20 ಮೀಟರ್. ದೋಣಿಯ ಹೊರಗೆ ತೂಗಿಕೊಂಡು ನಿಲ್ಲಲು ಟ್ರೆಪೀಝ್ ತಂತಿ, ಗಾಳಿ ಹಿಂದಿನಿಂದ ಬಂದಾಗ ಏರಿಸುವ ಸ್ಪಿನೇಕರ್ ಹಾಯಿ ಎರಡೂ ಇವೆ, ಆದರೂ ಕಲಿಯುವವರ ಮೇಲೆ ಸ್ವಲ್ಪ ಕರುಣೆ ಇಟ್ಟುಕೊಂಡಿದೆ. 29ಇಆರ್ ಎಂಬ ಇನ್ನೊಂದು ಇಬ್ಬರ ದೋಣಿ ಅಷ್ಟು ಕರುಣೆ ತೋರಿಸುವುದಿಲ್ಲ. ನಿಂತರೆ ಮಗುಚುವ ದೋಣಿ ಅದು. ಜತೆಗಾರರು ಪ್ರತಿ ವಾರ ಬರುತ್ತಾರೆ ಎಂಬ ಖಾತ್ರಿ ಇಲ್ಲದಿದ್ದರೆ ಇಬ್ಬರ ದೋಣಿ ಬೇಡವೇ ಬೇಡ. ದಡದಲ್ಲಿ ಕುಳಿತ ದೋಣಿಯಿಂದ ಯಾರೂ ಏನೂ ಕಲಿಯುವುದಿಲ್ಲ.

ಇನ್ನೊಂದು ಮಾತು. ನೀವು ರೇಸ್ ಮಾಡುವ ನೀರಿನಲ್ಲಿ ಬೇರೆಯವರು ಯಾವ ದೋಣಿ ಓಡಿಸುತ್ತಾರೋ ಅದನ್ನೇ ತೆಗೆದುಕೊಳ್ಳುವುದು ಜಾಣತನ. ಒಂದೇ ಬಗೆಯ ದೋಣಿಗಳ ನಡುವೆ ಯಾರು ಮುಂದೆ, ಏಕೆ ಮುಂದೆ ಎಂದು ಕಣ್ಣಿಗೇ ಕಾಣುತ್ತದೆ. ಬೇರೆ ಬೇರೆ ದೋಣಿಗಳು ಸೇರಿದ ರೇಸುಗಳಲ್ಲಿ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಲೆಕ್ಕ ಬಳಸುತ್ತಾರೆ. ಪ್ರತಿ ಬಗೆಯ ದೋಣಿಗೂ ಒಂದು ಅಂಕಿ ಇರುತ್ತದೆ. ದೋಣಿ ವೇಗವಾದಷ್ಟೂ ಅಂಕಿ ಚಿಕ್ಕದು. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸುತ್ತಾರೆ. 1100 ಅಂಕಿಯ ದೋಣಿ 66 ನಿಮಿಷ, 900 ಅಂಕಿಯ ದೋಣಿ 54 ನಿಮಿಷ ತೆಗೆದುಕೊಂಡರೆ ಎರಡಕ್ಕೂ ಸಿಗುವುದು 60 ನಿಮಿಷವೇ. ಅಂದರೆ ಬರೀ ವೇಗದ ದೋಣಿ ಕೊಂಡ ಮಾತ್ರಕ್ಕೆ ಗೆಲುವು ಬರುವುದಿಲ್ಲ. ಅದರ ವೇಗವನ್ನು ನೀವು ಹೊರಗೆ ತರಬೇಕು.

ಹೆಜ್ಜೆ 3: ಹಳೆಯ ದೋಣಿ ಕೊಳ್ಳುವಾಗ ಕೈಯಿಂದ ನೋಡಿ

ಮೊದಲ ರೇಸಿನ ದೋಣಿ ಹಳೆಯದಾಗಿದ್ದರೆ ಒಳ್ಳೆಯದು. ಅದಕ್ಕೆ ಪೆಟ್ಟು ಬೀಳುತ್ತದೆ, ನಿಮ್ಮ ಮನಸ್ಸಿಗೂ ಜಾಸ್ತಿ ನೋವಾಗಬಾರದು.

ಒಡಲಿನ ಮೇಲೆ ಅಂಗೈ ಒತ್ತುತ್ತಾ ಹೋಗಿ. ಎಲ್ಲಾದರೂ ಮೆತ್ತಗೆ ತಗ್ಗಿದರೆ ಒಳಗಿನ ಪದರ ಬಿಟ್ಟುಕೊಂಡಿದೆ ಎಂದರ್ಥ. ಐಎಲ್‌ಸಿಎ ಆದರೆ ಹಾಯಿಯ ಕಂಬ, ಅಂದರೆ ಮಾಸ್ಟ್, ಕೂರುವ ಗುಳಿಗೆ ನೀರು ತುಂಬಿ ಸ್ವಲ್ಪ ಹೊತ್ತು ಕಾಯಿರಿ. ನೀರು ಇಳಿದುಹೋದರೆ ಗುಳಿ ಸೋರುತ್ತಿದೆ. ಜೋರು ಗಾಳಿಯಲ್ಲಿ ಮಾಸ್ಟ್ ಬುಡ ಕಿತ್ತುಕೊಂಡು ಬರುವುದು ಇಂಥ ದೋಣಿಗಳಲ್ಲೇ. ಹಿಂಬದಿಯ ಬಿರಡೆ ತೆಗೆದು ದೋಣಿಯನ್ನು ವಾಲಿಸಿ ನೋಡಿ. ಒಳಗೆ ನೀರು ತುಂಬಿಕೊಂಡ ದೋಣಿ ಭಾರ, ಭಾರವಾದ ದೋಣಿ ನಿಧಾನ. ಚುಕ್ಕಾಣಿ ಹಿಡಿದು ಅಲುಗಿಸಿ, ಗಡಗಡ ಅನ್ನಬಾರದು. ಹಾಯಿಯ ಬಟ್ಟೆ ಗರಿಗರಿ ಇರಬೇಕು. ಹಾಸಿಗೆ ಹೊದಿಕೆಯಂತೆ ಮೆತ್ತಗಾಗಿದ್ದರೆ ಅಭ್ಯಾಸಕ್ಕೆ ನಡೆಯುತ್ತದೆ, ರೇಸಿಗೆ ಅಲ್ಲ. ಬೆಲೆ ಮಾತಾಡುವಾಗ ಹೊಸ ಹಾಯಿಯ ಖರ್ಚನ್ನೂ ಸೇರಿಸಿಕೊಳ್ಳಿ.

ಹೆಜ್ಜೆ 4: ಮೈಗೆ ಏನು ಹಾಕಿಕೊಳ್ಳಬೇಕು

ನೀರಿನ ಚಳಿಗೆ ತಕ್ಕ ಬಟ್ಟೆ ಹಾಕಿ, ಬಿಸಿಲಿಗೆ ತಕ್ಕದ್ದಲ್ಲ. ನೀವು ನೀರಿನಲ್ಲಿರುತ್ತೀರಿ. ಮೈಗೆ ಅಂಟಿಕೊಂಡು ಕೂರುವ, ಫೋಮ್ ತುಂಬಿದ 50 ನ್ಯೂಟನ್ ತೇಲುಜಾಕೆಟ್ ಬೇಕು. ನೀರು ತಾಗಿದ ಕೂಡಲೇ ತಾನೇ ಉಬ್ಬುವ ಜಾಕೆಟ್ ಡಿಂಗಿಗೆ ಬೇಡ. ದೋಣಿ ಮಗುಚಿದಾಗ ಅದು ಉಬ್ಬಿ ನಿಮ್ಮನ್ನು ಅಡಿಯಲ್ಲೇ ಒತ್ತಿ ಹಿಡಿಯಬಹುದು. ಟ್ರೆಪೀಝ್ ಇದ್ದರೆ ಸೊಂಟಕ್ಕೆ ಕಟ್ಟುವ ಹಾರ್ನೆಸ್ ಪಟ್ಟಿಯ ಕೊಕ್ಕೆ ಒಂದೇ ಕೈಯಲ್ಲಿ ಬಿಚ್ಚಿಕೊಳ್ಳುವಂಥದ್ದಾಗಿರಲಿ. ಹಗ್ಗ ಕೊಯ್ಯುವ ಸಣ್ಣ ಚಾಕು ಕೈಗೆಟುಕುವ ಜೇಬಿನಲ್ಲಿರಲಿ.

ಹೆಜ್ಜೆ 5: ಹುಲ್ಲಿನ ಮೇಲೆ ಒಂದು ದಿನ

ಇದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

ಗಾಳಿ ಇಲ್ಲದ ದಿನ ದೋಣಿಯನ್ನು ಹುಲ್ಲಿನ ಮೇಲೆ ಇಟ್ಟು, ಎಲ್ಲ ಹಗ್ಗ ಕಟ್ಟಿ, ಒಳಗೆ ಕುಳಿತುಕೊಳ್ಳಿ. ಟಿಲ್ಲರ್‌ನ ಉದ್ದನೆಯ ಎಕ್ಸ್‌ಟೆನ್ಷನ್ ಮೊದಲ ದಿನಗಳಲ್ಲಿ ಎಲ್ಲರ ಕಾಲಿಗೂ ತೊಡರುತ್ತದೆ. ಟ್ಯಾಕ್ ಮಾಡಿದ ಮೇಲೆ ಅದನ್ನು ಬೆನ್ನ ಹಿಂದೆಯೇ ಹಿಡಿದು, ಮೊದಲು ಎದುರು ಬದಿಯಲ್ಲಿ ಕುಳಿತುಕೊಂಡು, ಆಮೇಲೆ ಕೈ ಬದಲಿಸಬೇಕು. ಕುಳಿತ ಮೇಲೆ ಕೈ, ಅದರ ಮುಂಚೆ ಅಲ್ಲ. ಇದನ್ನು ಐವತ್ತು ಸಲ ಮಾಡಿ. ಕಣ್ಣು ಮುಚ್ಚಿ ಹತ್ತು ಸಲ ಮಾಡಿ. ಹೊರಗೆ ಬಾಗುವಾಗ ಕಾಲು ಸಿಕ್ಕಿಸುವ ಪಟ್ಟಿ, ಅಂದರೆ ಹೈಕಿಂಗ್ ಸ್ಟ್ರಾಪ್, ಅದರ ಅಡಿಗೆ ಪಾದಗಳು ತಾವಾಗಿಯೇ ಹೋಗಿ ಸೇರಬೇಕು. ಸ್ಟ್ರಾಪ್‌ನ ಗಂಟುಗಳನ್ನು ಎಳೆದು ನೋಡಿ. ನೀವು ಪೂರ್ತಿ ಹೊರಗೆ ಬಾಗಿರುವಾಗ ಅದು ಬಿಚ್ಚಿಕೊಂಡರೆ ದೋಣಿ ನಿಮ್ಮನ್ನು ಬಿಟ್ಟು ಹೋಗುತ್ತದೆ.

ಚುಕ್ಕಾಣಿ ಕಳಚದಂತೆ ತಡೆಯುವ ಕ್ಲಿಪ್ ಕೂತಿದೆಯೇ, ದೋಣಿಯ ಅಡಿಗೆ ಇಳಿಯುವ ಹಲಗೆಗೆ, ಅಂದರೆ ಡ್ಯಾಗರ್‌ಬೋರ್ಡ್‌ಗೆ, ರಬ್ಬರ್ ಹಗ್ಗ ಕಟ್ಟಿದೆಯೇ, ಬಿರಡೆ ಹಾಕಿದೆಯೇ ನೋಡಿಕೊಳ್ಳಿ. ಮಗುಚಿದಾಗ ಬೋರ್ಡ್ ಜಾರಿ ಹೋದರೆ ಎತ್ತಿ ನಿಲ್ಲಿಸಲು ಆಧಾರವೇ ಇರುವುದಿಲ್ಲ.

ಹೆಜ್ಜೆ 6: ಮೊದಲ ಸಲ ನೀರಿಗಿಳಿದಾಗ, ಬೇಕೆಂದೇ ಮಗುಚಿ

6ರಿಂದ 8 ನಾಟ್ ಗಾಳಿ ಸಾಕು. ಹತ್ತಿರದಲ್ಲಿ ಸುರಕ್ಷಾ ದೋಣಿ ಇರಲಿ. ಗಾಳಿ ದಡದ ಕಡೆಗೆ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು.

ಮೊದಲ ಹತ್ತು ನಿಮಿಷದಲ್ಲೇ ದೋಣಿಯನ್ನು ನೀವೇ ಕೆಡವಿ. ಹೆದರಿಕೆ ಅರ್ಧ ಅಲ್ಲೇ ಮುಗಿಯುತ್ತದೆ. ದೋಣಿಯನ್ನು ಕೈಬಿಡಬೇಡಿ, ಈಜಿ ಹೋಗುವ ಯೋಚನೆಯೇ ಬೇಡ. ಹಾಯಿ ಎಳೆಯುವ ಹಗ್ಗ, ಅಂದರೆ ಮೇನ್‌ಶೀಟ್, ಸಡಿಲಿಸಿ. ಹಾಯಿಯ ಕೆಳಗಿನ ಅಡ್ಡಕೋಲಾದ ಬೂಮ್ ಅನ್ನು ಕೆಳಗೆ ಹಿಡಿಯುವ ವ್ಯಾಂಗ್ ಹಗ್ಗವನ್ನೂ ಸಡಿಲಿಸಿ. ದೋಣಿಯ ಮೂತಿ ಗಾಳಿಯ ಕಡೆಗೆ ತಿರುಗುವಂತೆ ಈಜಿ ಎಳೆಯಿರಿ. ಬೋರ್ಡ್ ಮೇಲೆ ನಿಲ್ಲುವಾಗ ಒಡಲಿಗೆ ಒತ್ತಿಕೊಂಡು ನಿಲ್ಲಿ. ತುದಿಯಲ್ಲಿ ನಿಂತರೆ ಬೋರ್ಡ್ ಮುರಿಯಬಹುದು. ಹಿಂದಕ್ಕೆ ವಾಲಿ ಕಾಯಿರಿ. ಹಾಯಿಯ ಮೇಲಿನ ನೀರು ಹರಿದುಹೋಗಲು ಕೆಲವು ಕ್ಷಣ ಬೇಕು. ಅವಸರದಲ್ಲಿ ಜಗ್ಗಾಡಿದರೆ ಸುಸ್ತಾಗುವುದು ನೀವೇ.

ಮೂತಿ ಗಾಳಿಯ ಕಡೆ ಇಲ್ಲದೆ ಎತ್ತಿದರೆ ಏನಾಗುತ್ತದೆ? ಹಾಯಿ ನೀರಿನಿಂದ ಮೇಲೇಳುತ್ತಿದ್ದಂತೆ ಗಾಳಿ ಅದರ ಅಡಿಗೆ ನುಗ್ಗಿ, ದೋಣಿಯನ್ನು ಪೂರ್ತಿ ಆಚೆ ಕಡೆಗೆ, ನಿಮ್ಮ ಮೇಲೆಯೇ ಎಸೆಯುತ್ತದೆ. ಇಬ್ಬರಿದ್ದರೆ ಎಲ್ಲಕ್ಕಿಂತ ಮೊದಲು ಜೊತೆಗಾರರನ್ನು ಕೂಗಿ, ಉತ್ತರ ಬರುವ ತನಕ ಬೇರೇನೂ ಮಾಡಬೇಡಿ. ಸ್ಪಿನೇಕರ್ ಏರಿಸಿದ್ದರೆ ಅದನ್ನು ಇಳಿಸಿಯೇ ದೋಣಿ ಎತ್ತಬೇಕು.

ಹೆಜ್ಜೆ 7: ಬೀಸು ಬಂದಾಗ ಏನು ಮಾಡಬೇಕು

ಹೊಸ ದೋಣಿಯಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಗಾಳಿಯ ಒತ್ತಡ ಅದರ ವೇಗದ ವರ್ಗದಷ್ಟು ಏರುತ್ತದೆ. 10 ನಾಟ್ ಇದ್ದದ್ದು 14 ಆದರೆ ಹಾಯಿಯ ಮೇಲಿನ ಒತ್ತಡ ಹೆಚ್ಚುಕಡಿಮೆ ಎರಡರಷ್ಟು. ಕಲಿಕೆಯ ದೋಣಿಯಲ್ಲಿ ಇದು ತಿಳಿಯುವಷ್ಟರಲ್ಲಿ ನಿಮಗೆ ಒಂದೆರಡು ಕ್ಷಣ ಸಿಗುತ್ತಿತ್ತು. ಇಲ್ಲಿ ಸಿಗುವುದಿಲ್ಲ. ಆದ್ದರಿಂದ ಬೀಸು ತಾಗಿದ ಮೇಲಲ್ಲ, ಕಪ್ಪು ತೇಪೆ ಒಂದೆರಡು ದೋಣಿಯಳತೆ ದೂರವಿರುವಾಗಲೇ ಮೈ ಹೊರಗೆ ಹೋಗಿರಬೇಕು.

ಇನ್ನೊಂದು ಸಂಗತಿ. ಗಾಳಿಯೇ ಇಲ್ಲದ ದಿನ ಸೈಕಲ್ ತುಳಿದರೂ ಮುಖಕ್ಕೆ ಗಾಳಿ ಬಡಿಯುತ್ತದೆ. ದೋಣಿಗೂ ಹಾಗೇ. ಹಾಯಿಗೆ ತಾಗುವುದು ನಿಜವಾದ ಗಾಳಿ ಮತ್ತು ಓಟದ ಗಾಳಿ ಎರಡೂ ಸೇರಿದ್ದು. ದೋಣಿ ವೇಗವಾದಷ್ಟೂ ಈ ಕೂಡುಗಾಳಿ ಮುಂದಿನಿಂದ ಬರತೊಡಗುತ್ತದೆ. ಅದಕ್ಕೇ ವೇಗ ಬಂದ ಕೂಡಲೇ ಹಾಯಿಯನ್ನು ಒಳಗೆ ಎಳೆದುಕೊಳ್ಳಬೇಕಾಗುತ್ತದೆ. ಹಳೆಯ ದೋಣಿಯಲ್ಲಿ ಹಾಯಿಯನ್ನು ಎಷ್ಟು ಹೊರಗೆ ಬಿಡುತ್ತಿದ್ದಿರೋ ಅಷ್ಟೇ ಬಿಟ್ಟು ಕುಳಿತರೆ ವೇಗ ಬಂದಂತೆ ಬಂದು ಸತ್ತುಹೋಗುತ್ತದೆ.

ಗಾಳಿಗೆ ಎದುರಾಗಿ ಹೋಗುವಾಗ ಬೀಸು ಬಂದರೆ: ಹೊರಗೆ ಬಾಗಿ, ಮೇನ್‌ಶೀಟ್ ಒಂದು ಗೇಣು ಬಿಡಿ, ದೋಣಿ ಸಮವಾದ ಕೂಡಲೇ ಮತ್ತೆ ಎಳೆಯಿರಿ. ಗಾಳಿಯ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದರೂ ಸರಿ. ವಾಲಿದ ಡಿಂಗಿ ಪಕ್ಕಕ್ಕೆ ಜಾರುತ್ತದೆ, ಚುಕ್ಕಾಣಿ ಬ್ರೇಕ್ ಆಗುತ್ತದೆ. ಸಮವಾಗಿದ್ದರೇ ವೇಗ.

ಗಾಳಿ ಹಿಂದಿನಿಂದ, ಓರೆಯಾಗಿ ಬರುವಾಗ ಬೀಸು ಬಂದರೆ ಇದಕ್ಕೆ ಉಲ್ಟಾ. ಟಿಲ್ಲರನ್ನು ನಿಮ್ಮ ಕಡೆಗೆ ಎಳೆದು, ದೋಣಿಯನ್ನು ಗಾಳಿಯಿಂದ ದೂರ ತಿರುಗಿಸಿ. ಗಾಳಿಯ ಜತೆ ಓಡಿ. ಓಡಿದಷ್ಟೂ ಹಾಯಿಗೆ ತಾಗುವ ಒತ್ತಡ ಕಡಿಮೆಯಾಗುತ್ತದೆ. ಹೆದರಿ ಗಾಳಿಯ ಕಡೆಗೆ ತಿರುಗಿಸಿದರೆ ಮಾತ್ರ ಎರಡು ಪೆಟ್ಟು ಒಟ್ಟಿಗೆ ಬೀಳುತ್ತದೆ. ಕೂಡುಗಾಳಿ ಜೋರಾಗುತ್ತದೆ, ತಿರುವಿನ ಎಸೆತವೂ ದೋಣಿಯನ್ನು ಅದೇ ಕಡೆಗೆ ಕೆಡವುತ್ತದೆ. ನನ್ನ ಮೊದಲ ದಿನದ ನಾಲ್ಕು ಮಗುಚುವಿಕೆಗೂ ಇದೇ ಕಾರಣ.

ಗಾಳಿ ನೇರ ಪಕ್ಕದಿಂದ ಬರುತ್ತಿದ್ದರೆ ಟಿಲ್ಲರ್ ನೇರ ಇಟ್ಟು, ಹಗ್ಗ ಬಿಟ್ಟು ಎಳೆದು ಸಂಭಾಳಿಸಿ. ಗಾಳಿ ಸರಿಯಾಗಿ ಬೆನ್ನಿಗಿರುವಾಗ ದೋಣಿ ಎರಡೂ ಕಡೆಗೆ ತೊಟ್ಟಿಲಿನಂತೆ ತೂಗತೊಡಗಿದರೆ, ಹಾಯಿ ಸ್ವಲ್ಪ ಒಳಗೆ ಎಳೆಯಿರಿ, ಗಾಳಿಯ ಕಡೆಗೆ ಸ್ವಲ್ಪವೇ ತಿರುಗಿಸಿ. ಹಾಯಿಯನ್ನು ಇನ್ನೂ ಬಿಟ್ಟರೆ ತೂಗಾಟ ಹೆಚ್ಚಿ ನಿಮ್ಮ ಕಡೆಗೇ ಬೀಳುತ್ತದೆ.

ಹೆಜ್ಜೆ 8: ಜೈಬ್, ಪೂರ್ತಿ ವೇಗದಲ್ಲಿ

ಎಲ್ಲರೂ ಹೆದರುವುದು ಜೈಬ್‌ಗೆ. ಹೆದರಿದವರು ವೇಗ ಕಡಿಮೆಯಾಗಲಿ ಎಂದು ಕಾಯುತ್ತಾರೆ. ದೋಣಿ ಅಲೆಯ ಹಿಂದೆ ನಿಧಾನವಾದಾಗ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಗಾಳಿ ಹಾಯಿಯ ಮೇಲೆ ಪೂರ್ತಿ ಭಾರ ಹಾಕಿರುತ್ತದೆ, ಬೂಮ್ ಸುತ್ತಿಗೆಯಂತೆ ಬರುತ್ತದೆ. ದೋಣಿ ಗರಿಷ್ಠ ವೇಗದಲ್ಲಿ ಅಲೆಯಿಳಿದು ಓಡುತ್ತಿರುವಾಗ ಹಾಯಿ ಹಗುರ. ಆಗ ತಿರುಗಿಸಿ.

ಮೊದಲು ಡ್ಯಾಗರ್‌ಬೋರ್ಡ್ ನೋಡಿ. ಪೂರ್ತಿ ಕೆಳಗಿದ್ದರೆ ಜೋರು ಗಾಳಿಯಲ್ಲಿ ದೋಣಿ ಅದಕ್ಕೆ ಎಡವಿ ಬೀಳುತ್ತದೆ, ಜಾಸ್ತಿ ಮೇಲಿದ್ದರೆ ವ್ಯಾಂಗ್‌ಗೋ ಬೂಮ್‌ಗೋ ತಾಗಿ ಸಿಕ್ಕಿಕೊಳ್ಳುತ್ತದೆ. ಅರ್ಧ ಎತ್ತಿ ಸಾಕು. ದೋಣಿಯನ್ನು ನಿಧಾನವಾಗಿ ತಿರುಗಿಸಿ. ಹಾಯಿ ಮೆತ್ತಗಾಯಿತು ಎನ್ನಿಸಿದ ಗಳಿಗೆಯಲ್ಲಿ ಮೇನ್‌ಶೀಟನ್ನು ಒಮ್ಮೆ ಜಗ್ಗಿ, ತಲೆ ತಗ್ಗಿಸಿ, ಆಚೆ ಹೋಗಿ. ಬೂಮ್ ನಡುಗೆರೆ ದಾಟುತ್ತಿದ್ದಂತೆ ಟಿಲ್ಲರ್ ನೇರಕ್ಕೆ ಬಂದಿರಬೇಕು. ಇದನ್ನು ಮರೆತರೆ ದೋಣಿ ತಿರುಗುತ್ತಲೇ ಹೋಗುತ್ತದೆ. ಎರಡನೇ ದಿನದ ಅಭ್ಯಾಸವೆಲ್ಲ ಜೈಬ್‌ಗೇ ಮೀಸಲಿಡಿ.

ಹೆಜ್ಜೆ 9: ಹಗ್ಗಗಳು ಜಾಸ್ತಿ ಇವೆ, ಮೂರೇ ಸಾಕು

ರೇಸಿನ ದೋಣಿಯಲ್ಲಿ ಎಳೆಯಲು ಹತ್ತಾರು ಹಗ್ಗ ಕಾಣುತ್ತವೆ. ಮೊದಲ ತಿಂಗಳು ಮೂರನ್ನಷ್ಟೇ ಮುಟ್ಟಿ. ಔಟ್‌ಹಾಲ್ ಹಾಯಿಯ ಕೆಳಗಿನ ಹೊಟ್ಟೆಯನ್ನು ಚಪ್ಪಟೆ ಮಾಡುತ್ತದೆ. ಕನಿಂಗ್‌ಹ್ಯಾಮ್ ಮುಂದಿನ ಅಂಚನ್ನು ಕೆಳಗೆ ಎಳೆದು ಹಾಯಿಯ ತಲೆಯ ಭಾಗದಲ್ಲಿ ಗಾಳಿ ಸೋರಿಹೋಗುವಂತೆ ಮಾಡುತ್ತದೆ. ವ್ಯಾಂಗ್ ಬೂಮ್ ಮೇಲೇಳದಂತೆ ಹಿಡಿಯುತ್ತದೆ. ಗಾಳಿ ಜೋರಾಗಿ ದೋಣಿ ಸಮವಾಗಿ ನಿಲ್ಲದಿದ್ದರೆ ಮೂರನ್ನೂ ಬಿಗಿ ಮಾಡಿ. ಐಎಲ್‌ಸಿಎಯಲ್ಲಿ ವ್ಯಾಂಗ್‌ಗೆ ಒಂದು ಸುಲಭ ಅಳತೆ ಇದೆ. ಮೇನ್‌ಶೀಟನ್ನು ಎರಡು ರಾಟೆಗಳು ಒಂದಕ್ಕೊಂದು ತಾಗುವ ತನಕ ಎಳೆದು, ವ್ಯಾಂಗ್‌ನ ಸಡಿಲ ತೆಗೆದು ಕಟ್ಟಿ. ಅಲ್ಲಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಗಾಳಿಗೆ ಎದುರಾಗಿ ಹೋಗಿ, ತಿರುವಿನ ಗುರುತಾಗಿ ತೇಲುವ ಬೋಯ್, ಅಂದರೆ ಮಾರ್ಕ್, ಸುತ್ತಿ ಗಾಳಿಯಿಂದ ದೂರ ತಿರುಗುವ ಮೊದಲು ವ್ಯಾಂಗ್ ಸಡಿಲಿಸಿ. ಬಿಗಿ ವ್ಯಾಂಗ್‌ನಲ್ಲಿ ಹಾಯಿ ಬಿಟ್ಟರೆ ಬೂಮ್‌ನ ತುದಿ ನೀರಿಗೆ ತಾಗುತ್ತದೆ, ಮತ್ತೆ ಹಾಯಿ ಬಿಡಲು ಆಗುವುದೇ ಇಲ್ಲ. ಹೊಸಬರು ಮೊದಲ ಮಾರ್ಕ್‌ನಲ್ಲಿ ಮಗುಚುವುದು ಬಹಳ ಸಲ ಹೀಗೇ.

ಹೆಜ್ಜೆ 10: ಮೊದಲ ರೇಸ್

ಐದಾರು ಸಲ ನೀರಿಗಿಳಿದ ಮೇಲೆ ರೇಸಿಗೆ ಹೋಗಿ. ಪಕ್ವವಾಗಲಿ ಎಂದು ಕಾಯಬೇಡಿ. ಹಾಯಿದೋಣಿ ಕ್ರೀಡೆಯ ವಿಶ್ವ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್‌ನ ರೇಸ್ ನಿಯಮಗಳು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತವೆ. ಈಗಿನವು 2025ರಿಂದ 2028ರ ತನಕದ್ದು. ಪೂರ್ತಿ ಓದಬೇಕೆಂದಿಲ್ಲ, ಆದರೆ ಇಷ್ಟು ಬಾಯಿಪಾಠವಿರಲಿ. ಗಾಳಿ ನಿಮ್ಮ ಎಡಬದಿಯಿಂದ ಬರುತ್ತಿದ್ದರೆ ನೀವು ಪೋರ್ಟ್ ಟ್ಯಾಕ್‌ನಲ್ಲಿದ್ದೀರಿ. ಬಲಬದಿಯಿಂದ ಗಾಳಿ ಪಡೆಯುತ್ತಿರುವವರಿಗೆ ದಾರಿ ಬಿಡಬೇಕು. ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಇದ್ದರೆ ಗಾಳಿಯ ಕಡೆ ಇರುವವರು ದೂರ ಸರಿಯಬೇಕು. ಹಿಂದಿರುವವರು ಮುಂದಿನವರನ್ನು ತಾಗಬಾರದು. ಮಾರ್ಕ್‌ನಿಂದ ಮೂರು ದೋಣಿಯುದ್ದದೊಳಗೆ ಬರುವಾಗ ಅಕ್ಕಪಕ್ಕ ಇದ್ದರೆ ಸಾಮಾನ್ಯವಾಗಿ ಒಳಬದಿಯ ದೋಣಿಗೆ ಜಾಗ ಕೊಡಬೇಕು. ತಪ್ಪಾಯಿತೆಂದು ಗೊತ್ತಾದರೆ ಬದಿಗೆ ಹೋಗಿ ಎರಡು ಸುತ್ತು ತಿರುಗಿ, ಮಾರ್ಕ್ ತಾಗಿದ್ದಕ್ಕೆ ಒಂದು ಸುತ್ತು.

ಸಾಮಾನ್ಯವಾಗಿ ಸ್ಟಾರ್ಟ್‌ಗೆ 5 ನಿಮಿಷ, 4 ನಿಮಿಷ, 1 ನಿಮಿಷ ಇರುವಾಗ ಬಾವುಟ, ಸದ್ದು ಎರಡೂ ಬರುತ್ತವೆ. ಮೊದಲ ಎರಡು ಮೂರು ರೇಸುಗಳಲ್ಲಿ ಗುಂಪಿನ ನಡುವೆ ನುಗ್ಗಬೇಡಿ. ಒಂದು ಸಾಲು ಹಿಂದೆ, ಹಾಯಿಯ ಕಡೆಗೆ ಖಾಲಿ ನೀರು ಇರುವ ಜಾಗ ಹುಡುಕಿ. ಕೊನೆಯ ಕ್ಷಣಗಳಲ್ಲಿ ಆ ಖಾಲಿ ಜಾಗಕ್ಕೆ ಸ್ವಲ್ಪ ತಿರುಗಿಸಿ ವೇಗ ಹಿಡಿಯಿರಿ. ವೇಗದ ದೋಣಿ ಗೆರೆಯ ಮೇಲೆ ನಿಂತು ಹೊರಟರೆ ಪಕ್ಕಕ್ಕೆ ಜಾರುತ್ತದೆ, ಓಡುತ್ತಾ ದಾಟಿದರೆ ಹಿಡಿತ ಸಿಗುತ್ತದೆ. ಮುಂದಿರುವ ಒಬ್ಬರನ್ನು ಆರಿಸಿಕೊಂಡು ಅವರು ಎಲ್ಲಿ ಕೂರುತ್ತಾರೆ, ಯಾವಾಗ ಹಾಯಿ ಎಳೆಯುತ್ತಾರೆ ನೋಡುತ್ತಾ ಹೋಗಿ. ದಡಕ್ಕೆ ಬಂದ ಮೇಲೆ ನೇರವಾಗಿ ಕೇಳಿ. ರೇಸ್ ಮಾಡುವವರು ತಮ್ಮ ಗುಟ್ಟು ಹೇಳಿಕೊಡಲು ಕಾಯುತ್ತಾ ಇರುತ್ತಾರೆ, ಇದು ನಾನು ಕಂಡ ಸಂಗತಿ.

ಸುಸ್ತಾದಾಗ ವಾಪಸ್ ಬನ್ನಿ. ಮೂರನೇ ಸಲ ಮಗುಚಿದ ಮೇಲೆ ಕೈ ನಡುಗತೊಡಗಿದರೆ ಅಲ್ಲಿಗೆ ಆ ದಿನ ಮುಗಿಯಿತು. ದಂಡೆಗೆ ಬಂದ ಕೂಡಲೇ ಬಿರಡೆ ತೆಗೆದು ಒಳಗೆ ಎಷ್ಟು ನೀರಿದೆ ನೋಡಿ, ಸಿಹಿನೀರಿನಲ್ಲಿ ದೋಣಿ, ಹಗ್ಗ, ರಾಟೆ ತೊಳೆಯಿರಿ. ಹಾಯಿಯನ್ನು ಗಾಳಿಯಲ್ಲಿ ಪಟಪಟ ಬಡಿಯಲು ಬಿಡದೆ ಒಣಗಿಸಿ ಸುತ್ತಿಡಿ. ಒಂದು ಸಣ್ಣ ಪುಸ್ತಕದಲ್ಲಿ ಆ ದಿನದ ಗಾಳಿ ಎಷ್ಟಿತ್ತು, ವ್ಯಾಂಗ್ ಎಷ್ಟು ಎಳೆದಿದ್ದಿರಿ, ಎಲ್ಲಿ ಬಿದ್ದಿರಿ ಎಂದು ಮೂರು ಸಾಲು ಬರೆದಿಡಿ. ಮುಂದಿನ ಸಲ ದೋಣಿ ಕಟ್ಟುವ ಮೊದಲು ಅದನ್ನು ತೆರೆದು ಓದಿ.